ಮನೆಮಂದಿ ಸೇರಿ ಓದುವುದು, ಸೇರಿ ನಗುವುದು: ಒಂದು ಮಳೆಗಾಲದ ಮಾರ್ಗದರ್ಶಿ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮನೆಗಳಲ್ಲಿ ಒಣಮೀನಿನ ಡಬ್ಬ ಹೊರಗೆ ಬರುವ ಕಾಲ ಅದು. ಹೋದ ವರ್ಷ ಉಡುಪಿಯ ನಮ್ಮ ಮನೆಯಲ್ಲಿ ಅಂಥದ್ದೇ ಒಂದು ಸಂಜೆ. ಅತ್ತೆ ಚಟ್ನಿಗೆ ಒಣ ಸಿಗಡಿ ಹುರಿಯುತ್ತಿದ್ದರು. ಹೊರಗೆ ಜಡಿಮಳೆ, ಕರೆಂಟ್ ಇಲ್ಲ. 9 ವರ್ಷದ ಮಗಳ ಹೋಮ್‌ವರ್ಕ್ ಆಗಿಲ್ಲ. 4 ವರ್ಷದ ಮಗ ಊಟ ಬೇಡ ಅಂತ ಮೇಜಿನ ಕೆಳಗೆ ಹೋಗಿ ಕೂತಿದ್ದಾನೆ. ನನ್ನ ಸ್ವರ ಏರುತ್ತಾ ಇತ್ತು.

ಆಗ ಮಗಳು ಬಗ್ಗಿ ಮೇಜನ್ನೇ ಮಾತಾಡಿಸಿದಳು. "ಮೇಜೇ ಮೇಜೇ, ನಿನ್ನ ಅಡಿಯಲ್ಲಿ ಹುಡುಗ ಯಾಕೆ ಕೂತಿದ್ದಾನೆ?" ಕೆಳಗಿನಿಂದ ಮಗ ದಪ್ಪ ಸ್ವರ ಮಾಡಿ ಮೇಜಿನ ಪರವಾಗಿ ಉತ್ತರ ಕೊಟ್ಟ: "ಅವನ ಗಂಜಿ ಬಿಸಿ ಉಂಟು!" ಅತ್ತೆ ಒಲೆಯ ಹತ್ತಿರದಿಂದಲೇ ನಕ್ಕರು. ನನಗೂ ನಗು ತಡೆಯಲಿಲ್ಲ. ಗಂಜಿ ಆರಿಸಿ ಕೊಟ್ಟೆವು, ಹೊರಗೆ ಬಂದ, ಉಂಡ. ಗದರಿ ಗದರಿ ಕೇಳಿದಾಗ ಬಾರದ ಉತ್ತರ ಒಂದು ಆಟದಲ್ಲಿ ಬಂತು.

ಆ ಆಟ ಮಗಳು ಕಟ್ಟಿದ್ದಲ್ಲ. ಹಿಂದಿನ ವಾರ ನಾವು ಒಟ್ಟಿಗೆ ಓದಿದ 'ಸಿಗಡಿ ಯಾಕೆ ಒಣಗಲಿಲ್ಲ?' ಅನ್ನುವ ಕತೆಯಿಂದ ಬಂದದ್ದು. ಮಕ್ಕಳನ್ನು ನಗಿಸಲು ಅಪ್ಪ ಅಮ್ಮನಿಗೆ ಜೋಕು ಹೇಳಲು ಬರಬೇಕು ಅಂತೇನಿಲ್ಲ. ಎಲ್ಲರೂ ಕೇಳಿರುವ ನಾಲ್ಕಾರು ಕತೆಗಳು ಮನೆಯಲ್ಲಿ ಇದ್ದರೆ, ಕಷ್ಟದ ಹೊತ್ತಿಗೆ ಬೇಕಾದ ಮಾತು ಅವುಗಳಿಂದಲೇ ಸಿಗುತ್ತದೆ. ಅದನ್ನು ನಾವು ಹೇಗೆ ರೂಢಿ ಮಾಡಿಕೊಂಡೆವು ಅಂತ ಒಂದೊಂದಾಗಿ ಹೇಳುತ್ತೇನೆ.

ಹೆಜ್ಜೆ 1: ಹೊತ್ತು ಗೊತ್ತು ಮಾಡಿ

ರಾತ್ರಿ ಊಟ ಆದ ಮೇಲೆ 15 ನಿಮಿಷ. ಜಾಸ್ತಿ ಬೇಡ. ಫೋನುಗಳೆಲ್ಲ ಫ್ರಿಜ್ಜಿನ ಮೇಲೆ. ಚಾಪೆ ಹಾಸಿ ಎಲ್ಲರೂ ಒಂದೇ ಕಡೆ ಕೂರಬೇಕು. ಶುರು ಮಾಡಲು ಜೂನ್ ಒಳ್ಳೆಯ ತಿಂಗಳು. ಮಳೆಗೆ ಎಲ್ಲಿಗೂ ಹೋಗಲಿಕ್ಕಿಲ್ಲ, ಆಟವೂ ಒಳಗೇ. ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ಓದುವ ಲೆಕ್ಕ ಇಡಬೇಡಿ. ಆಗ ಅದೂ ಹೋಮ್‌ವರ್ಕ್ ಆಗಿಬಿಡುತ್ತದೆ.

ಹೆಜ್ಜೆ 2: ನಿಮ್ಮ ಮಗು ಈಗ ಯಾತಕ್ಕೆ ನಗುತ್ತದೆ ಅಂತ ನೋಡಿ

ಪುಸ್ತಕ ಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಇದು. ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ. ಮಗುವಿನ ನಗು ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ, ಅದಕ್ಕೆ ಕಾರಣವೂ ಉಂಟು. ಒಂದು ವಿಷಯ ಸರಿಯಾಗಿ ಹೇಗಿರಬೇಕು ಅಂತ ಗೊತ್ತಾದ ಮೇಲೆಯೇ ಅದು ತಲೆಕೆಳಗಾದರೆ ಮಗುವಿಗೆ ನಗು ಬರುವುದು.

ಸುಮಾರು 3–4 ತಿಂಗಳಿಗೆ ಮಗು ಸ್ವರ ತೆಗೆದು ನಗಲು ಶುರು ಮಾಡುತ್ತದೆ. ಆಗ ಕಚಗುಳಿ, ವಿಚಿತ್ರ ಶಬ್ದ, ಅಷ್ಟೇ ಸಾಕು. 6 ತಿಂಗಳು ದಾಟಿದ ಮೇಲೆ ಸೆರಗಿನ ಹಿಂದೆ ಮುಖ ಮುಚ್ಚಿ ತೆಗೆಯುವ ಆಟಕ್ಕೆ ಕೇಕೆ ಹಾಕುತ್ತದೆ. ಕಾಣದಿದ್ದರೂ ಅಮ್ಮ ಅಲ್ಲೇ ಇದ್ದಾಳೆ ಅನ್ನುವ ತಿಳಿವಳಿಕೆ ಆಗ ಮೂಡುತ್ತಾ ಇರುತ್ತದೆ. ಈ ವಯಸ್ಸಿಗೆ ಬಟ್ಟೆಯ ಪುಸ್ತಕ ಇಲ್ಲವೇ ದಪ್ಪ ರಟ್ಟಿನ ಪುಟದ ಪುಸ್ತಕ ಕೊಡಿ. ಕಚ್ಚಲಿ, ಎಳೆಯಲಿ. ಅದೂ ಓದೇ.

2 ವರ್ಷದ ಮಗು ಈಗಷ್ಟೇ ಹೆಸರುಗಳನ್ನು ಕಲಿತಿರುತ್ತದೆ. ಬೆಕ್ಕಿನ ಚಿತ್ರ ತೋರಿಸಿ "ಇದು ದನ, ಅಲ್ವಾ?" ಅಂದರೆ ಬಿದ್ದು ಬಿದ್ದು ನಗುತ್ತದೆ. ಹೆಸರು ಗೊತ್ತಿರುವುದರಿಂದಲೇ ಆ ನಗು. ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳು ಈ ವಯಸ್ಸಿಗೆ ಸರಿಯಾಗಿ ಹೊಂದುತ್ತವೆ. ಪ್ರಾಸ ಬರುವ ಕಡೆ ನಿಲ್ಲಿಸಿದರೆ ಕೊನೆಯ ಪದವನ್ನು ಮಗುವೇ ಹೇಳುತ್ತದೆ.

4–5ಕ್ಕೆ ಶಬ್ದವೇ ಆಟ. ನನ್ನ ಮಗ ಪಂಜೆ ಮಂಗೇಶರಾಯರ 'ಗುಡುಗುಡು ಗುಮ್ಮಟ ದೇವರು' ಅನ್ನುವ ಹೆಸರು ಒಂದನ್ನೇ ಹೇಳಿಕೊಂಡು ಇಡೀ ಮನೆ ಸುತ್ತಿದ್ದಾನೆ. ಕಕ್ಕಸು, ಹೂಸು ಅನ್ನುವ ಮಾತಿಗೂ ಈ ವಯಸ್ಸಿನಲ್ಲಿ ನಗು ಉಕ್ಕುತ್ತದೆ. ಅದಕ್ಕೆ ಬೈಯಬೇಡಿ. ಒಂದೆರಡು ವರ್ಷದಲ್ಲಿ ತಾನೇ ಕಡಿಮೆಯಾಗುತ್ತದೆ.

6–8ರ ಮಕ್ಕಳಿಗೆ ಒಂದು ಪದಕ್ಕೆ ಎರಡು ಅರ್ಥ ಇರಬಹುದು ಅಂತ ಗೊತ್ತಾಗುತ್ತದೆ. ಅಲ್ಲಿಂದ ಒಗಟಿನ ಕಾಲ. ತೆನಾಲಿ ರಾಮಕೃಷ್ಣ, ಬೀರಬಲ್ಲರ ಕತೆಗಳ ಕಾಲವೂ ಅದೇ. ಅಮರ ಚಿತ್ರಕಥೆಯ ಪುಸ್ತಕಗಳು ಈ ವಯಸ್ಸಿಗೆ ನನ್ನ ಮೊದಲ ಆಯ್ಕೆ. ಅವನ್ನು 1967ರಲ್ಲಿ ಶುರು ಮಾಡಿದ ಅನಂತ ಪೈ ಹುಟ್ಟಿದ್ದು ನಮ್ಮ ಕಾರ್ಕಳದಲ್ಲಿ. ಇದನ್ನು ಮಕ್ಕಳಿಗೆ ಹೇಳಿ. ಪುಸ್ತಕ ಮಾಡುವವರು ನಮ್ಮ ಊರಿನವರೂ ಆಗಿರುತ್ತಾರೆ ಅಂತ ತಿಳಿದಾಗ ನನ್ನ ಮಗಳ ಕಣ್ಣು ಅಗಲವಾಗಿತ್ತು.

9 ದಾಟಿದವರಿಗೆ ಜೋಕಿಗಿಂತ ಮನುಷ್ಯರು ತಮಾಷೆಯಾಗಿ ಕಾಣುತ್ತಾರೆ. ಅವರಿಗೆ ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ'ಯನ್ನು ದಿನಕ್ಕೆ ಒಂದು ಅಧ್ಯಾಯದಂತೆ ಓದಿ ಹೇಳಿ. ಅದರಲ್ಲಿ ಬರುವ 'ಕಿವಿ' ಅನ್ನುವ ನಾಯಿ ನಮ್ಮ ಮನೆಯ ಸದಸ್ಯನೇ ಆಗಿಬಿಟ್ಟಿದೆ. ನನ್ನವರು ಬೇರೆ ಪುಸ್ತಕದ ಹತ್ತಿರವೂ ಸುಳಿಯುವವರಲ್ಲ. ಈ ಪುಸ್ತಕ ತೆಗೆದರೆ ಮಾತ್ರ ಚಾಪೆಯ ತುದಿಗೆ ಬಂದು ಕೂರುತ್ತಾರೆ.

ಹೆಜ್ಜೆ 3: ಪುಸ್ತಕ ಹುಡುಕಿ, ಆದರೆ ಮೊದಲು ನೀವು ಓದಿ

ಒಂದೇ ಪುಸ್ತಕವನ್ನು ಮಗು 40 ಸಲ ಓದಿಸುತ್ತದೆ. ಹಾಗಾಗಿ ಅದು ನಿಮಗೂ ಇಷ್ಟವಾಗಬೇಕು. ಅಂಗಡಿಯಲ್ಲಿ ನಿಂತು ಎರಡು ಪುಟ ಪಿಸುಮಾತಿನಲ್ಲಿ ಓದಿ ನೋಡಿ. ನಾಲಿಗೆ ತಡವರಿಸಿದರೆ, ಇಲ್ಲವೇ ಪ್ರತಿ ಪುಟದಲ್ಲೂ ಉಪದೇಶ ಇದ್ದರೆ ವಾಪಸ್ ಇಡಿ. ಚಿತ್ರ ಚಂದ ಉಂಟು ಅಂತ ಮಾತ್ರಕ್ಕೆ ತರಬೇಡಿ.

ದುಡ್ಡು ಖರ್ಚು ಮಾಡದೆಯೂ ಆಗುತ್ತದೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಓದುವ ಶಕ್ತಿಗೆ ತಕ್ಕಂತೆ 1ರಿಂದ 4 ಹಂತ ಮಾಡಿದ್ದಾರೆ. ಇಳಿಸಿಕೊಂಡು ಮುದ್ರಿಸಲೂಬಹುದು. ನಾವು ಒಂದೊಂದು ಕತೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ, ಮಧ್ಯಕ್ಕೆ ಮಡಚಿ, ಸೂಜಿ ದಾರದಲ್ಲಿ ಹೊಲಿದುಕೊಂಡೆವು. ತಾನು ಹೊಲಿದ ಪುಸ್ತಕವನ್ನು ಮಗ ಇವತ್ತಿಗೂ ಹರಿದಿಲ್ಲ.

ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ. ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು. 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಉಂಟು. ಕಾರ್ಡನ್ನು ಮಗುವಿನ ಹೆಸರಿನಲ್ಲೇ ಮಾಡಿಸಿ, ಅದರ ಕೈಗೇ ಕೊಡಿ.

ಇನ್ನೊಂದು ಜಾಗ, ಅಜ್ಜಿ ಮನೆಯ ಅಟ್ಟ. ನನ್ನ ತಾಯಿಯ ಮನೆ ಮಂಗಳೂರಿನಲ್ಲಿ. ಅಲ್ಲಿ ಚಂದಮಾಮ, ಬಾಲಮಂಗಳ, ತುಂತುರು ಅನ್ನುವ ಹಳೆಯ ಮಕ್ಕಳ ಪತ್ರಿಕೆಗಳ ಒಂದು ಗೋಣಿ ಸಿಕ್ಕಿತು. ಬಾಲಮಂಗಳದ ಚಿತ್ರಕತೆಯ ನಾಯಕ ಡಿಂಗನನ್ನು ತೋರಿಸಿ, "ನಾನು ನಿನ್ನಷ್ಟಿದ್ದಾಗ ಇದಕ್ಕಾಗಿ ನಿಮ್ಮ ಮಾವನ ಜೊತೆ ಜಗಳ ಆಡುತ್ತಿದ್ದೆ" ಅಂದೆ. ಅಮ್ಮನೂ ಒಂದು ಕಾಲದಲ್ಲಿ ಪುಸ್ತಕ ಕಿತ್ತುಕೊಂಡು ಓಡುತ್ತಿದ್ದಳು ಅನ್ನುವ ಸುದ್ದಿ ಅವರಿಗೆ ಡಿಂಗನಿಗಿಂತ ಜಾಸ್ತಿ ಇಷ್ಟವಾಯಿತು.

ಹೆಜ್ಜೆ 4: ಮನೆಯ ಎಲ್ಲ ಭಾಷೆಗಳನ್ನೂ ಒಳಗೆ ಬಿಡಿ

ನಮ್ಮ ಕಡೆಯ ಮಕ್ಕಳ ಪರಿಸ್ಥಿತಿ ಬೇರೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಇಲ್ಲವೇ ಕುಂದಾಪ್ರ ಕನ್ನಡ. ಶಾಲೆಯಲ್ಲಿ ಇಂಗ್ಲಿಷ್. ಪುಸ್ತಕದ ಕನ್ನಡ ಇವೆರಡರ ನಡುವೆ ನೆಂಟರ ಹಾಗೆ ನಿಂತಿರುತ್ತದೆ. "ನನ್ನ ಮಗುವಿಗೆ ಕನ್ನಡ ಓದಲು ಬರುವುದಿಲ್ಲ" ಅನ್ನುವವರಿಗೆ ನಾನು ಹೇಳುವುದು ಒಂದೇ: ಓದಲು ಬಾರದಿದ್ದರೆ ಏನಾಯಿತು, ಕೇಳಲು ಬರುತ್ತದಲ್ಲ? ಒಂದು ವಾಕ್ಯ ಕನ್ನಡದಲ್ಲಿ ಓದಿ. ಅದನ್ನೇ ಮನೆಮಾತಿನಲ್ಲಿ ಹೇಳಿ. ಒಂದು ವಾರ ಕಳೆದ ಮೇಲೆ ಆ ಕೆಲಸವನ್ನು ಮಗುವಿಗೇ ಬಿಡಿ.

ನಮ್ಮಲ್ಲಿ ಮಗಳು ಅಜ್ಜಿಗೆ ತುಳುವಿನಲ್ಲಿ ಅನುವಾದ ಮಾಡುತ್ತಾಳೆ. ಪುಸ್ತಕದ ಗಂಭೀರ ರಾಜ ತುಳುವಿನಲ್ಲಿ ಮಾತಾಡಿದ ಕೂಡಲೇ ಪಕ್ಕದ ಮನೆಯವರ ಹಾಗೆ ಕಾಣುತ್ತಾನೆ. ಅತ್ತೆ ಮಧ್ಯೆ ಮಧ್ಯೆ ತಿದ್ದುತ್ತಾರೆ, "ಹಾಗಲ್ಲ ಮಗಾ, ಹೀಗೆ ಹೇಳಬೇಕು" ಅಂತ. ಎಷ್ಟೋ ತುಳು ಪದಗಳನ್ನು ಮಗಳು ಹೀಗೆಯೇ ಕಲಿತಳು. ಕನ್ನಡ ಪುಸ್ತಕ ತುಳುವನ್ನೂ ಕಲಿಸಿತು. ಇದನ್ನು ನಾನು ಎಣಿಸಿಯೇ ಇರಲಿಲ್ಲ.

ಹೆಜ್ಜೆ 5: ಓದುವುದನ್ನು ಆಟ ಮಾಡಿ

ಬೇಕೆಂದೇ ತಪ್ಪು ಓದಿ. "ಆನೆ ಮರ ಹತ್ತಿ ಕೂತಿತು" ಅನ್ನಿ. "ಅಲ್ಲ ಅಮ್ಮಾ!" ಅಂತ ಕೂಗು ಬಂದರೆ ಮಗು ಕೇಳುತ್ತಾ ಇದೆ ಅಂತ ಅರ್ಥ. ತಿದ್ದುವ ಅಧಿಕಾರ ಸಿಕ್ಕಿದ್ದಕ್ಕೆ ಅದಕ್ಕೆ ಖುಷಿ.

ಸ್ವರ ಬದಲಿಸಿ. ಯಕ್ಷಗಾನ ನೋಡಿದ ಊರು ನಮ್ಮದು, ಇದಕ್ಕೆ ಬೇರೆ ಪಾಠ ಬೇಕಾ? ರಾಕ್ಷಸ ಬಂದರೆ ಬಣ್ಣದ ವೇಷದ ಅಬ್ಬರ, ಸೇವಕ ಬಂದರೆ ಹಾಸ್ಯಗಾರನ ಎಳೆದ ಮಾತು, ಗುಡುಗಿಗೆ ಸ್ಟೀಲ್ ತಟ್ಟೆಯೇ ಚೆಂಡೆ. ಎರಡು ಮಕ್ಕಳಿದ್ದರೆ ನಾಟಕದ ಪುಸ್ತಕ ತನ್ನಿ. ಮಣಿಪಾಲದ ವೈದೇಹಿಯವರು ಮಕ್ಕಳಿಗಾಗಿಯೇ ನಾಟಕಗಳನ್ನು ಬರೆದಿದ್ದಾರೆ. 'ಧಾಂ ಧೂಂ ಸುಂಟರಗಾಳಿ' ನಮ್ಮ ಹಜಾರದಲ್ಲೇ ಎಷ್ಟು ಸಲ ಬೀಸಿದೆಯೋ.

ಪ್ರಶ್ನೆ ಕೇಳಿ, ಆದರೆ ಪರೀಕ್ಷೆ ಮಾಡಬೇಡಿ. "ಕಾಗೆಯ ಬಣ್ಣ ಯಾವುದು?" ಅಂದರೆ ಒಂದೇ ಪದದ ಉತ್ತರ. "ಈ ಕಾಗೆ ಈಗ ಎಂತ ಯೋಚನೆ ಮಾಡುತ್ತಾ ಇರಬಹುದು?" ಅಂದರೆ ಕತೆಯೇ ಬರುತ್ತದೆ. 1988ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಜೊತೆಗಾರರು ಇದನ್ನು ಅಧ್ಯಯನ ಮಾಡಿ ತೋರಿಸಿದ್ದರು. ಹೀಗೆ ಮಾತಾಡಿಸುತ್ತಾ ಓದಿಸಿದ ಪುಟ್ಟ ಮಕ್ಕಳ ಮಾತು, ಸುಮ್ನೆ ಓದಿ ಹೇಳಿದವರಿಗಿಂತ ಚೆನ್ನಾಗಿ ಬೆಳೆದಿತ್ತು.

ಹೆಜ್ಜೆ 6: ಕತೆಯನ್ನು ಪುಸ್ತಕದಿಂದ ಮನೆಯೊಳಗೆ ತನ್ನಿ

ನನಗೆ ಎಲ್ಲಕ್ಕಿಂತ ಮುಖ್ಯ ಈ ಹೆಜ್ಜೆ. ಮೇಲಿನ ಐದೂ ಇದಕ್ಕಾಗಿಯೇ.

ಪಂಜೆ ಮಂಗೇಶರಾಯರು (1874–1937) ಬಂಟ್ವಾಳದಲ್ಲಿ ಹುಟ್ಟಿದವರು. ಮೇಷ್ಟ್ರಾಗಿದ್ದರು, ಶಾಲಾ ಇನ್ಸ್‌ಪೆಕ್ಟರ್ ಆಗಿದ್ದರು. ಮಕ್ಕಳ ನಡುವೆಯೇ ಓಡಾಡಿದವರು. ಅವರ 'ಸಿಗಡಿ ಯಾಕೆ ಒಣಗಲಿಲ್ಲ?' ಪ್ರಶ್ನೆಯ ಬೆನ್ನಿಗೆ ಪ್ರಶ್ನೆ ಬರುವ ಸರಪಳಿ ಕತೆ. ಒಬ್ಬರನ್ನು ಕೇಳಿದರೆ ಇನ್ನೊಬ್ಬರ ಕಡೆ ಬೆರಳು. ಒಣ ಸಿಗಡಿಯ ವಾಸನೆ ಗೊತ್ತಿರುವ ಕರಾವಳಿಯ ಮಗುವಿಗೆ ಈ ಕತೆ ಮೊದಲ ಸಾಲಿನಿಂದಲೇ ಸ್ವಂತದ್ದು.

ಇದರ ಧಾಟಿಯನ್ನು ಮನೆಯ ಜಗಳಕ್ಕೆ ಹಚ್ಚಿ ನೋಡಿ. ನಮ್ಮ ಮನೆಯಲ್ಲಿ ಒಂದು ಸಂಜೆ ನಡೆದದ್ದು ಹೀಗೆ:

ಹೋಮ್‌ವರ್ಕ್ ಯಾಕೆ ಆಗಲಿಲ್ಲ? ಪೆನ್ಸಿಲ್ ಸಿಗಲಿಲ್ಲ.
ಪೆನ್ಸಿಲ್ ಯಾಕೆ ಸಿಗಲಿಲ್ಲ? ತಮ್ಮ ಅಡಗಿಸಿಟ್ಟ.
ತಮ್ಮ ಯಾಕೆ ಅಡಗಿಸಿಟ್ಟ? ಅಕ್ಕ ಆಟಕ್ಕೆ ಸೇರಿಸಲಿಲ್ಲ.
ಅಕ್ಕ ಯಾಕೆ ಸೇರಿಸಲಿಲ್ಲ? ಅಮ್ಮ ಬೈದಳು, ಬೇಜಾರಾಗಿತ್ತು.
ಅಮ್ಮ ಯಾಕೆ ಬೈದಳು? ಅಮ್ಮನಿಗೆ ಸುಸ್ತಾಗಿತ್ತು.

ಕೊನೆಯ ಉತ್ತರ ಕೊಟ್ಟವಳು ನಾನು. ಅದನ್ನು ಹೇಳಿದ ಮೇಲೆ ಮಗಳು ಒಂದು ಲೋಟ ನೀರು ತಂದುಕೊಟ್ಟಳು. ಈ ಆಟದ ನಿಯಮ ಎರಡೇ. ಪ್ರಶ್ನೆಯನ್ನು ಕತೆಯ ರಾಗದಲ್ಲೇ ಕೇಳಬೇಕು. ಸರಪಳಿ ಅಪ್ಪ ಅಮ್ಮನ ತನಕ ಬಂದರೆ ಅವರೂ ನಿಜವನ್ನೇ ಹೇಳಬೇಕು. ದೊಡ್ಡವರು ನುಣುಚಿಕೊಂಡರೆ ಮಕ್ಕಳಿಗೆ ಕೂಡಲೇ ಗೊತ್ತಾಗುತ್ತದೆ, ಮತ್ತೆ ಆಟಕ್ಕೆ ಬರುವುದಿಲ್ಲ.

ಎರಡನೆಯ ಪುಸ್ತಕ ಜಪಾನಿನದು. ತೆತ್ಸುಕೊ ಕುರೊಯಾನಗಿ ತಮ್ಮ ಬಾಲ್ಯದ ಬಗ್ಗೆ ಬರೆದ 'ತೊತ್ತೋ ಚಾನ್', 1981ರದ್ದು. ಕನ್ನಡದಲ್ಲೂ ಬಂದಿದೆ. ರೈಲು ಬೋಗಿಗಳೇ ತರಗತಿಗಳಾಗಿರುವ ಶಾಲೆ ಅದು. ತೊತ್ತೋ ಚಾನಳ ಪರ್ಸು ಕಕ್ಕಸಿನ ಗುಂಡಿಗೆ ಬೀಳುತ್ತದೆ. ಅವಳು ಉದ್ದ ಹಿಡಿಯ ಸೌಟಿನಂಥದ್ದು ತಂದು ಗುಂಡಿಯಲ್ಲಿರುವುದನ್ನೆಲ್ಲ ಮೇಲೆ ತೆಗೆದು ರಾಶಿ ಹಾಕುತ್ತಾಳೆ. ಆ ಹೊತ್ತಿಗೆ ಹೆಡ್‌ಮಾಸ್ಟರ್ ಕೊಬಾಯಾಶಿ ಅಲ್ಲಿಗೆ ಬರುತ್ತಾರೆ. ಬೈಯುವುದಿಲ್ಲ. ಮುಗಿದ ಮೇಲೆ ಎಲ್ಲವನ್ನೂ ವಾಪಸ್ ಹಾಕುತ್ತೀಯಲ್ಲ ಅಂತ ಕೇಳಿ ಹೊರಟುಹೋಗುತ್ತಾರೆ. ಅವಳು ಹಾಗೇ ಮಾಡುತ್ತಾಳೆ.

ಈ ಭಾಗ ಓದಿದ ರಾತ್ರಿ ಮಕ್ಕಳು ಮೂಗು ಮುಚ್ಚಿಕೊಂಡು ಹೊರಳಾಡಿ ನಕ್ಕರು. ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಮೇಷ್ಟ್ರ ಮಾತು. ಈಗ ಅಡುಗೆಮನೆಯ ನೆಲದ ಮೇಲೆ ದೋಸೆ ಹಿಟ್ಟಿನಿಂದ ಸಮುದ್ರ ಮಾಡಿದ್ದನ್ನು ಕಂಡರೆ ಉಸಿರು ಎಳೆದುಕೊಂಡು ಅದನ್ನೇ ಕೇಳುತ್ತೇನೆ: "ಮುಗಿದ ಮೇಲೆ ಒರೆಸುತ್ತೀಯಲ್ಲ?" ಅವರಿಗೆ ಅದು ಎಲ್ಲಿಯ ಮಾತು ಅಂತ ಗೊತ್ತು. ನಕ್ಕು ಬಟ್ಟೆ ತರುತ್ತಾರೆ. ಅದೇ ಶಾಲೆಯಲ್ಲಿ ಮಕ್ಕಳ ಬುತ್ತಿಯಲ್ಲಿ ಸಮುದ್ರದ್ದು ಸ್ವಲ್ಪ, ಗುಡ್ಡದ್ದು ಸ್ವಲ್ಪ ಇರಬೇಕು ಅನ್ನುವ ಪದ್ಧತಿ ಉಂಟು. ಸಮುದ್ರವೂ ಗುಡ್ಡವೂ ಒಟ್ಟಿಗೆ ಇರುವ ನಮಗೆ ಇದು ಹೇಳಿ ಮಾಡಿಸಿದ್ದು. ಬಂಗುಡೆ ಮೀನು ಸಮುದ್ರದ್ದು, ಕಣಿಲೆ ಅಂದರೆ ಎಳೆ ಬಿದಿರು ಗುಡ್ಡದ್ದು. ಕಣಿಲೆ ಪಲ್ಯ ಮುಟ್ಟದಿದ್ದ ಮಗಳು ಈ ಲೆಕ್ಕ ಸರಿಮಾಡಲು ಎರಡು ತುತ್ತು ತಿನ್ನುತ್ತಾಳೆ.

ದೊಡ್ಡವರಿಗಾಗಿಯೂ ಒಂದು ಹೇಳಬೇಕು. ಟಿ.ಪಿ. ಕೈಲಾಸಂ ಅವರ 'ಟೊಳ್ಳುಗಟ್ಟಿ' ನಾಟಕ, 1918ರದ್ದು. ಒಬ್ಬ ಮಗ ಪುಸ್ತಕದ ಹುಳು, ಇನ್ನೊಬ್ಬ ಪರೀಕ್ಷೆಯಲ್ಲಿ ಹಿಂದೆ, ಆದರೆ ಮನೆಗೆ ಆಸರೆ. ಮಾರ್ಕ್ಸ್ ಕಾರ್ಡ್ ಬರುವ ಹಿಂದಿನ ದಿನ ಗಂಡ ಹೆಂಡತಿ ಒಟ್ಟಿಗೆ ಓದಿ. ನೂರು ವರ್ಷದ ಹಿಂದಿನ ಆ ಮನೆ ನಮ್ಮದೇ ಮನೆ ಅನ್ನಿಸುತ್ತದೆ.

ಹೆಜ್ಜೆ 7: ಯಾವಾಗ ನಗಬಾರದು ಅಂತ ಮೊದಲೇ ಮಾತಾಡಿಕೊಳ್ಳಿ

ಮಗುವಿನ ಜೊತೆ ನಗುವುದು ಬೇರೆ, ಮಗುವನ್ನು ನೋಡಿ ನಗುವುದು ಬೇರೆ. ಒಂದು ಗೃಹಪ್ರವೇಶದಲ್ಲಿ ಮಗಳ ಹಳೆಯ ಪೇಚಿನ ಪ್ರಸಂಗವೊಂದನ್ನು ನಾನು ನೆಂಟರಿಗೆ ಹೇಳಿದ್ದೆ. ಎಲ್ಲರೂ ನಕ್ಕರು. ಅವಳು ನನ್ನ ಸೆರಗಿನ ಹಿಂದೆ ಹೋದಳು. ಆ ಮುಖ ಇನ್ನೂ ಕಣ್ಣ ಮುಂದೆ ಉಂಟು. ಮನೆಗೆ ಬಂದು ಅವಳ ಹತ್ತಿರ ಕ್ಷಮೆ ಕೇಳಿದೆ. ಅಂದಿನಿಂದ ನಮ್ಮಲ್ಲಿ ಒಂದು ಕಟ್ಟುನಿಟ್ಟು: ಮಗುವಿನ ಕತೆಯನ್ನು ಹೊರಗೆ ಹೇಳುವ ಮೊದಲು, ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕುವ ಮೊದಲು, ಅದನ್ನೇ ಕೇಳಬೇಕು. ಬೇಡ ಅಂದರೆ ಬೇಡ. ಇಲ್ಲಿ ಬರೆದದ್ದನ್ನೂ ಇಬ್ಬರಿಗೂ ಓದಿ ಹೇಳಿ, ಒಪ್ಪಿಗೆ ತೆಗೆದುಕೊಂಡಿದ್ದೇನೆ.

ಅಳುವಾಗ, ಜ್ವರ ಬಂದಾಗ, ಹೆದರಿದಾಗ ತಮಾಷೆ ಬೇಡ. ಮೊದಲು ಎತ್ತಿಕೊಳ್ಳಿ. ಕೃಷ್ಣಾಷ್ಟಮಿಯ ಮರುದಿನ ಬರುವ ವಿಟ್ಲಪಿಂಡಿಯ ದಿನ ರಥಬೀದಿಯಲ್ಲಿ ಹುಲಿವೇಷ ನೋಡಿ ಮಗ ಹೆದರಿ ಚೀರಿದ. ಆ ದಿನ ನಾವು ಯಾರೂ ನಗಲಿಲ್ಲ. ನಾಲ್ಕು ದಿನ ಬಿಟ್ಟು ಕಾಗದ, ಬಣ್ಣ ಕೊಟ್ಟೆ. ಹುಲಿ ಎಂತ ಮಾಡುತ್ತದೆ ಅಂತ ಅವನೇ ಬಿಡಿಸಿದ. ಹುಲಿಗೆ ಬಣ್ಣದಿಂದ ಬೆನ್ನು ತುರಿಸುತ್ತದೆ, ಬಾಲ ಅಡ್ಡ ಬರುವುದರಿಂದ ರಿಕ್ಷಾದಲ್ಲಿ ಕೂರಲಾಗುವುದಿಲ್ಲ, ಕೊನೆಗೆ ಗೋಳಿಬಜೆ ತಿಂದು ಮಲಗುತ್ತದೆ. ಆರು ಪುಟದ ಆ ಪುಸ್ತಕವನ್ನು ಅವನು ನಗುತ್ತಾ ಓದಿದ ಮೇಲೆಯೇ ನಾವೂ ನಕ್ಕೆವು.

ಹಳೆಯ ಕತೆಗಳಲ್ಲಿ ಕಪ್ಪು ಮೈಬಣ್ಣ, ದಪ್ಪ ದೇಹ, ತೊದಲು ಮಾತನ್ನು ಹಾಸ್ಯ ಮಾಡುವ ಜಾಗಗಳು ಇರುತ್ತವೆ. ಹಾರಿಸಿ ಓದಬೇಡಿ. ನಿಲ್ಲಿಸಿ, "ನಿನ್ನ ಗೆಳತಿಗೆ ಹೀಗಂದರೆ ಹೇಗಾಗಬಹುದು?" ಅಂತ ಕೇಳಿ. ಮಕ್ಕಳು ನಾವು ಎಣಿಸಿದ್ದಕ್ಕಿಂತ ಚೆನ್ನಾಗಿ ಉತ್ತರ ಕೊಡುತ್ತಾರೆ.

ಹೆಜ್ಜೆ 8: ನಿಮ್ಮ ಮನೆಯದೇ ಒಂದು ಪುಸ್ತಕ ಮಾಡಿ

200 ಪುಟದ ನೋಟ್‌ಬುಕ್ ತನ್ನಿ. ಮಕ್ಕಳು ಹೇಳಿದ ಮಾತನ್ನು ಅವರ ಪದಗಳಲ್ಲೇ, ತಾರೀಖು ಹಾಕಿ ಬರೆಯಿರಿ. ವ್ಯಾಕರಣ ತಿದ್ದಬೇಡಿ. ಎರಡು ದಿನ ಬಿಟ್ಟರೆ ಮರೆತುಹೋಗುತ್ತದೆ, ಆ ರಾತ್ರಿಯೇ ಬರೆದುಬಿಡಿ. ನಮ್ಮದರ ಮೊದಲ ಪುಟದಲ್ಲಿ ಮಲ್ಪೆ ಬೀಚಿನಲ್ಲಿ ಮಗ ಕೇಳಿದ ಪ್ರಶ್ನೆ ಉಂಟು: "ಸಮುದ್ರಕ್ಕೆ ಇಷ್ಟು ಉಪ್ಪು ಹಾಕಿದ್ದು ಯಾರು? ಅಜ್ಜಿಗೆ ಹೇಳಿದರೆ ಸ್ವಲ್ಪ ನೀರು ಸೇರಿಸುತ್ತಿದ್ದರು." ಅಪ್ಪ ಅಮ್ಮ, ಅಜ್ಜಿಯ ಮಾತನ್ನೂ ಬರೆಯಿರಿ. ಬರೆಯಲು ಕಲಿತ ಮಗುವಿಗೆ ಪೆನ್ನು ಬಿಟ್ಟುಕೊಡಿ. ತಿಂಗಳಿಗೊಮ್ಮೆ ಓದುವ ಹೊತ್ತಿನಲ್ಲಿ ಕತೆಯ ಬದಲು ಇದನ್ನು ತೆಗೆಯಿರಿ.

ಕರಾವಳಿಯ ಮಳೆಗೆ ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆ. ಗೋಡೆಗೆ ತಾಗಿಸಿ ಇಡಬೇಡಿ. ಮುಚ್ಚಳ ಇರುವ ಸ್ಟೀಲ್ ಡಬ್ಬದಲ್ಲಿ, ಹೊಸ ಚಪ್ಪಲಿ ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿಡಿ. ಆ ಪೊಟ್ಟಣ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಮಳೆ ಬಿಟ್ಟ ಮೇಲೆ ನೆರಳಿನಲ್ಲಿ ಪುಟ ಬಿಡಿಸಿ ಗಾಳಿಗೆ ಇಡಿ. ನಾವು ಇದನ್ನು ನವರಾತ್ರಿಗೆ ಸ್ವಲ್ಪ ಮೊದಲು ಮಾಡುತ್ತೇವೆ, ಶಾರದಾ ಪೂಜೆಗೆ ಪುಸ್ತಕ ಇಡಬೇಕಲ್ಲ.

ಹೋದ ವರ್ಷ ಪೂಜೆಗೆ ಏನೇನು ಇಡುವುದು ಅಂತ ಕೇಳಿದಾಗ ಮಗಳು ಗಣಿತದ ಪುಸ್ತಕ ಕೊಟ್ಟಳು. ಮಗ ಆ ನೋಟ್‌ಬುಕ್ಕನ್ನೂ ತನ್ನ ಹುಲಿಯ ಪುಸ್ತಕವನ್ನೂ ತಂದಿಟ್ಟ. ಪೂಜೆಗೆ ಇಟ್ಟದ್ದನ್ನು ವಿಜಯದಶಮಿಯವರೆಗೆ ತೆಗೆಯುವಂತಿಲ್ಲ. ಆ ರಾತ್ರಿ ಚಾಪೆಯ ಮೇಲೆ ಪುಸ್ತಕವೇ ಇರಲಿಲ್ಲ. "ಹಾಗಾದರೆ ಇವತ್ತು ಅಜ್ಜಿ ಹೇಳಲಿ" ಅಂದಳು ಮಗಳು. ಅತ್ತೆ ಕಾಲು ನೀಡಿ ಕೂತು, ತಾವು ಸಣ್ಣವರಿದ್ದಾಗ ಗೇರುಹಣ್ಣು ಕದಿಯಲು ಹೋದ ಕತೆ ತೆಗೆದರು. ನಾವು ಯಾರೂ ಅದನ್ನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಪೂಜೆ ಮುಗಿದು ನೋಟ್‌ಬುಕ್ ಕೈಗೆ ಬಂದ ಕೂಡಲೇ ಮಗಳು ಅದನ್ನೇ ಮೊದಲು ಬರೆದಳು.